ಹೆಸರು ಹೇಳಬಾರದ ಜನ

ರಾತ್ರಿ ಹೊತ್ತು ಹಾವು ಕಂಡರೆ ನಾವು ಹಾವು ಅನ್ನುವುದಿಲ್ಲ. ‘ಹುಳ’ ಅಂತೀವಿ. ಕೂಸಿಗೆ ದಡಾರ ಎದ್ದರೆ ‘ಅಮ್ಮ ಬಂದಾಳ’ ಅಂತೀವಿ. ದೆವ್ವ ಅನ್ನಲಿಕ್ಕೆ ಅಂಜಿ ‘ಗಾಳಿ’ ಅಂತೀವಿ. ಹೆಸರು ಹಿಡಿದು ಕರೆದರೆ ಅದು ಬಂದೇ ಬಿಡುತ್ತದೆ ಎಂಬ ಅಂಜಿಕೆ.

ಇದು ನಮ್ಮ ಕಲ್ಮಲ, ಮಾನ್ವಿ, ದೇವದುರ್ಗದ ಮಾತು ಮಾತ್ರ ಅಲ್ಲ. ದೂರದ ಯುರೋಪಿನಲ್ಲಿ ಐರ್ಲೆಂಡ್ ಎಂಬ ದೇಶ ಇದೆ. ಅಲ್ಲಿಯ ಹಳ್ಳಿಯವರು ‘ಫೇರಿ’ ಎಂಬ ಕಾಣದ ಜನರನ್ನು ನಂಬುತ್ತಿದ್ದರು. ಫೇರಿಗಳು ಹಳೆಯ ಮಣ್ಣಿನ ದಿಬ್ಬಗಳಲ್ಲಿ ಇರುತ್ತವಂತೆ. ಅವಕ್ಕೆ ಕಬ್ಬಿಣ ಆಗದಂತೆ. ಅದಕ್ಕೆ ತೊಟ್ಟಿಲ ಹತ್ತಿರ ಕಬ್ಬಿಣದ ಇಕ್ಕಳ ಇಡುತ್ತಿದ್ದರು. ನಾವೂ ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲು ಇಡುತ್ತೇವಲ್ಲ! ಅವರೂ ಹೆಸರು ಹೇಳುತ್ತಿರಲಿಲ್ಲ. ‘ಒಳ್ಳೆ ಜನ’ ಅಂತಿದ್ದರು.

ಇಲ್ಲಿವರೆಗೆ ಕಥೆ ಕೇಳಲಿಕ್ಕೆ ಚಂದ. ಆದರೆ ಇನ್ನೊಂದು ನಂಬಿಕೆ ಇತ್ತು. ಫೇರಿಗಳು ಮನುಷ್ಯರನ್ನು ಒಯ್ದು, ಅವರಂತೆಯೇ ಕಾಣುವ ಒಂದನ್ನು ಮನೆಯಲ್ಲಿ ಬಿಟ್ಟು ಹೋಗುತ್ತವೆ ಎಂದು. ಬೆಳವಣಿಗೆ ಇಲ್ಲದ ಕೂಸು, ಜಡ್ಡು ಬಿದ್ದ ಹೆಂಗಸು, ಇಂಥವರ ಮೇಲೆಯೇ ಗುಮಾನಿ.

ಅಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಣ್ಣುಮಗಳಿದ್ದಳು. ಬಟ್ಟೆ ಹೊಲಿದು, ಕೋಳಿ ಸಾಕಿ ನಾಲ್ಕು ಕಾಸು ದುಡಿಯುತ್ತಿದ್ದಳು. 1895ರ ಮಾರ್ಚ್ ತಿಂಗಳಲ್ಲಿ ಆಕೆ ಹಾಸಿಗೆ ಹಿಡಿದಳು. ಡಾಕ್ಟರು ಬಂದು ನೋಡಿದರು. ಎದೆಯಲ್ಲಿ ಕಫ ಕಟ್ಟಿತ್ತು, ಅಷ್ಟೇ. ಗಂಡ ಮೈಕೆಲ್ ನಂಬಲಿಲ್ಲ. ಈಕೆ ತನ್ನ ಹೆಂಡತಿಯೇ ಅಲ್ಲ ಎಂದ. ಗಿಡಮೂಲಿಕೆಯ ಮದ್ದನ್ನು ಆಕೆಯ ಬಾಯಿಗೆ ತುರುಕಿದರು. ಒಲೆಯ ಬೆಂಕಿಯ ಮೇಲೆ ಹಿಡಿದು ‘ನೀನು ಯಾರು’ ಎಂದು ಕೇಳಿದರು. ಹೆತ್ತ ತಂದೆ, ಬಳಗದವರು, ನೆರೆಯವರು ಎಲ್ಲ ಅಲ್ಲೇ ಇದ್ದರು. ಮರುದಿನ ರಾತ್ರಿ ಗಂಡ ಆಕೆಯನ್ನು ಸುಟ್ಟ. ಆಮೇಲೆ ಫೇರಿ ದಿಬ್ಬದ ಹತ್ತಿರ ಹೋಗಿ ಕಾದು ಕುಂತ. ಖರೇ ಹೆಂಡತಿ ಬಿಳಿ ಕುದುರೆ ಏರಿ ಬರುತ್ತಾಳೆ ಅಂತ! ಯಾರೂ ಬರಲಿಲ್ಲ. ಪೊಲೀಸರು ಬಂದರು. 15 ವರ್ಷ ಜೈಲಿನಲ್ಲಿದ್ದ.

ನಮ್ಮಲ್ಲಿ ‘ಗಾಳಿ ಸೋಕೇದ’ ಎಂದು ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆ ತಿಂದವರು ಯಾರು? ಅವರೂ ಹೆಚ್ಚಾಗಿ ಹೆಣ್ಣುಮಕ್ಕಳೇ. 2017ರಲ್ಲಿ ನಮ್ಮ ರಾಜ್ಯ ವಾಮಾಚಾರ ತಡೆಯಲು ಒಂದು ಕಾನೂನು ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುತ್ತೇನೆ ಎಂದು ಕಟ್ಟಿ ಹೊಡೆದರೆ 1ರಿಂದ 7 ವರ್ಷ ಸಜೆ, ಮೇಲೆ ದಂಡ. ಭಾನಾಮತಿಯೂ ಅದರಲ್ಲಿ ಸೇರಿದೆ. ಹುಳ ಮುಟ್ಟಿದವರನ್ನು ದವಾಖಾನೆಗೆ ಬಿಡದೆ ಮಂತ್ರ ಹಾಕಿಸುವುದೂ ಅಪರಾಧವೇ.

ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ಮಾತ್ರ ‘ಹುಳ’ ಅನ್ನಬೇಡಿ. ‘ಹಾವು’ ಎಂದೇ ಹೇಳಿ. ಕಡಿದು ಎಷ್ಟು ಹೊತ್ತಾಯಿತು ಎಂಬುದನ್ನೂ ಹೇಳಿ.