ಬದಲಾಗುವ ದತ್ತಾಂಶವೂ ಗಣಕದ ಪರದೆಯೂ

ದತ್ತಾಂಶವು ಬದಲಾದೊಡನೆ ಗಣಕದ ಪರದೆಯೂ ಅದಕ್ಕನುಗುಣವಾಗಿ ಬದಲಾಗುವಂತೆ ಮಾಡುವುದು ಮೇಲ್ನೋಟಕ್ಕೆ ಸುಲಭವಾಗಿ ಕಾಣುತ್ತದೆ. ಅದರ ತೊಡಕನ್ನು ನಮ್ಮ ಜಿಲ್ಲೆಯ ಭೂದಾಖಲೆಗಳ ನಿದರ್ಶನದಿಂದ ವಿವೇಚಿಸಬಹುದು.

ಈ ಭಾಗದಲ್ಲಿ ಉತಾರವೆನಿಸಿಕೊಳ್ಳುವ ಪಹಣಿಯು ಹಿಂದೆ ತಲಾಟಿಯ ಕೈಬರಹದ ಪುಸ್ತಕದಲ್ಲಿರುತ್ತಿತ್ತು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಪಹಣಿಯನ್ನು ನೋಡಬಯಸುವವನು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಅನುಕ್ರಮವಾಗಿ ಆರಿಸಬೇಕು. ಇವು ಸ್ಥಿರವಾಗಿರುವುದಿಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ, ಬಬಲೇಶ್ವರಗಳು 2017ರ ಆಯವ್ಯಯದಲ್ಲಿ ಹೊಸ ತಾಲ್ಲೂಕುಗಳೆಂದು ಘೋಷಿತವಾದವು. ಹೊಲದ ಒಡೆತನವಂತೂ ವಾರಸು, ಖರೀದಿ, ವಾಟ್ನಿಗಳಿಂದ ಬದಲಾಗುತ್ತಲೇ ಇರುತ್ತದೆ.

ಇಂಥ ದಾಖಲೆಗಳಿಗಾಗಿ ಮೇಜಿನ ಗಣಕದಲ್ಲಿ ನಡೆಯುವ ತಂತ್ರಾಂಶವೊಂದನ್ನು ಕಲ್ಪಿಸಿಕೊಳ್ಳೋಣ. ಒಂದು ಕಿಟಕಿಯಲ್ಲಿ ಗ್ರಾಮದ ಎಲ್ಲ ಖಾತೆದಾರರ ಯಾದಿಯಿದೆ. ಇನ್ನೊಂದರಲ್ಲಿ ಅದೇ ಗ್ರಾಮದ ಒಂದು ಸರ್ವೆ ನಂಬರಿನ ವಿವರವಿದೆ. ಪ್ರತಿಯೊಂದು ಕಿಟಕಿಯೂ ತನ್ನದೇ ನಕಲನ್ನು ಇಟ್ಟುಕೊಂಡರೆ, ವಿವರದಲ್ಲಿ ಮಗಳ ಹೆಸರು ಬಂದ ಮೇಲೂ ಯಾದಿಯಲ್ಲಿ ಮೃತ ತಂದೆಯ ಹೆಸರೇ ಉಳಿಯುತ್ತದೆ. ಅದನ್ನು ನಂಬಿ ಸಾಲ ಕೊಡುವವನೂ ಹೊಲ ಕೊಳ್ಳುವವನೂ ತಪ್ಪುದಾರಿ ಹಿಡಿಯುವರು.

ದತ್ತಾಂಶವನ್ನೂ ಅದರ ನೋಟವನ್ನೂ ಬೇರ್ಪಡಿಸಬೇಕೆಂಬ ತತ್ತ್ವವನ್ನು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಅವರು 1979ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದಾಗ ಪ್ರತಿಪಾದಿಸಿದರು. ಸ್ಮಾಲ್‌ಟಾಕ್ ಭಾಷೆಯಲ್ಲಿ ಅದು ವಿಕಾಸ ಹೊಂದಿತು. ಇದರಂತೆ ದತ್ತಾಂಶದ ಮೂಲವು ಒಂದೇ. ಕಿಟಕಿಗಳು ಅದರ ನೋಟಗಳು. ಪ್ರತಿ ನೋಟವೂ ಮೂಲದ ಬಳಿ ತನ್ನ ಹೆಸರನ್ನು ಮೊದಲೇ ನೋಂದಾಯಿಸಿರುತ್ತದೆ. ತಿದ್ದುಪಡಿಯಾದೊಡನೆ ಮೂಲವು ಡಂಗುರ ಸಾರುತ್ತದೆ; ನೋಟಗಳು ತಮಗೆ ಬೇಕಾದುದನ್ನು ಮತ್ತೆ ಓದಿಕೊಳ್ಳುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ. ಒಂದನೆಯದಾಗಿ, ತಾಲ್ಲೂಕು ವಿಂಗಡಣೆಯಾದಾಗ ಅನೇಕ ಗ್ರಾಮಗಳು ಒಮ್ಮೆಗೇ ಸ್ಥಾನಾಂತರಗೊಳ್ಳುತ್ತವೆ. ಪ್ರತಿ ಗ್ರಾಮಕ್ಕೂ ಸಾರುತ್ತ ಹೋದರೆ ಪರದೆ ತಡವರಿಸುವುದು. ಆದಕಾರಣ ಎಲ್ಲ ಮುಗಿದ ಮೇಲೆ ಒಮ್ಮೆ ಮಾತ್ರ ಸಾರಬೇಕು. ಎರಡನೆಯದಾಗಿ, ಮುಚ್ಚಿದ ಕಿಟಕಿಯ ಹೆಸರನ್ನು ನೋಂದಣಿಯಿಂದ ತೆಗೆಯಬೇಕು; ಇಲ್ಲವಾದರೆ ಅದು ವ್ಯರ್ಥವಾಗಿ ಗಣಕದ ಸ್ಮೃತಿಯನ್ನು ಆಕ್ರಮಿಸಿಕೊಂಡಿರುತ್ತದೆ. ಮೂರನೆಯದಾಗಿ, ಒಬ್ಬನು ವಿವರವನ್ನು ತಿದ್ದುತ್ತಿರುವಾಗಲೇ ಬೇರೊಬ್ಬನು ಅದನ್ನು ಬದಲಿಸಬಹುದು. ಆಗ ಅವನ ಅರೆಬರಹವನ್ನು ಅಳಿಸಲೂ ಆಗದು, ಅದು ಹೊಸ ಬದಲಾವಣೆಯನ್ನು ನುಂಗಲು ಬಿಡಲೂ ಆಗದು. ಪ್ರತಿ ದಾಖಲೆಗೂ ಆವೃತ್ತಿಯ ಸಂಖ್ಯೆಯಿದ್ದು, ಉಳಿಸುವಾಗ ಅದನ್ನು ತಾಳೆ ನೋಡುವುದೇ ಇದಕ್ಕೆ ಉಪಾಯ.

ರೈತನ ಕೈಯಲ್ಲಿರುವ ಮುದ್ರಿತ ಉತಾರಕ್ಕೆ ಯಾವ ಡಂಗುರವೂ ಮುಟ್ಟದು. ಅದನ್ನು ಓದುವವನು ಮುದ್ರಣದ ದಿನಾಂಕವನ್ನು ನೋಡಿಕೊಳ್ಳುತ್ತಾನೆ. ಪರದೆಯನ್ನಾದರೋ ಈ ಕ್ಷಣದ ಸತ್ಯವೆಂದೇ ನಂಬುತ್ತಾನೆ. ಆ ನಂಬಿಕೆಗೆ ತಂತ್ರಾಂಶ ರಚಿಸುವವನೇ ಹೊಣೆ.