ಬಾರಾಲಾಚಾದ ಆಚೆ ಒಂದು ರಾತ್ರಿ

ಪ್ರವಾಸ ಮುಗಿಸಿ ಬಂದವನನ್ನು ಕಾಲೇಜಿನ ಹುಡುಗರು ಕೇಳಿದ ಮೊದಲನೆಯ ಪ್ರಶ್ನೆ, "ಲೇಹ್ ಹೇಗಿದೆ, ಸಾರ್?" ಎಂಬುದು. ಲೇಹನ್ನು ನಾನು ಕಾಣಲೇ ಇಲ್ಲವೆಂದಾಗ ಅವರಿಗಾದ ನಿರಾಶೆ ಅಷ್ಟಿಷ್ಟಲ್ಲ. ಎರಡು ಮೋಟಾರು ಸೈಕಲುಗಳನ್ನು ರೈಲಿನಲ್ಲಿ ಚಂಡೀಗಢಕ್ಕೆ ಸಾಗಿಸಿ, ಅಲ್ಲಿಂದ ಮನಾಲಿಗೆ ಏರಿ, 2022ರ ಜುಲೈ ತಿಂಗಳ ಒಂದು ಬೆಳಗಿನಲ್ಲಿ ಲೇಹಿನತ್ತ ಮುಖಮಾಡಿ ಹೊರಟವರು ಅರ್ಧ ದಾರಿಯಿಂದ ಹಿಂದಿರುಗಿದರೆಂದ ಮೇಲೆ ಕೇಳುವಂಥದು ಏನಿದ್ದೀತೆಂಬುದು ಅವರ ಭಾವನೆ. ಹೇಳುವಂಥದು ಇರುವುದು ಆ ಅರ್ಧ ದಾರಿಯಲ್ಲಿಯೇ ಎಂಬುದು ನನ್ನದು.

ಮೊದಲು ವಾಹನಗಳ ಕುಲಗೋತ್ರವನ್ನು ಹೇಳಬೇಕು. ನಾವು ಏರಿದುದು ಯೆಜ್ದಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಮೋಟಾರು ಸೈಕಲನ್ನು ತಯಾರಿಸತೊಡಗಿ, ಮುಂದೆ ಯೆಜ್ದಿಯೆಂಬ ಹೆಸರಿನಿಂದ ಗಾಡಿಗಳನ್ನು ಹೊರತಂದು, 1996ರಲ್ಲಿ ಬಾಗಿಲು ಮುಚ್ಚಿತು. ಗೇರಿನ ಪೆಡಲನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುವ ಚಮತ್ಕಾರ ಈ ವಂಶಕ್ಕೆ ವಿಶೇಷವಾದುದು. ನನ್ನ ಗಾಡಿಯನ್ನು ನಾನು ಮೂರನೆಯವರ ಕೈಯಿಂದ ಕೊಂಡವನು. ನನ್ನ ಗೆಳೆಯನದು ಹಾಗಲ್ಲ. ಅವನ ತಂದೆ ಆ ಕಾರ್ಖಾನೆಯಲ್ಲಿಯೇ ಫಿಟ್ಟರಾಗಿದ್ದವರು. ಕಂತಿನ ಮೇಲೆ ಕೊಂಡ ಗಾಡಿಯನ್ನು ಬದುಕಿರುವವರೆಗೂ ತಮ್ಮ ಕೈಯಿಂದಲೇ ತೊಳೆದು ಒರೆಸಿಟ್ಟವರು. ಅವರು ತೀರಿಕೊಂಡ ವರ್ಷ ಮಗನಿಗೊಂದು ಹಂಬಲ ಹತ್ತಿತು. ಈ ಗಾಡಿಯನ್ನು ಟಗ್ಲಾಂಗ್ ಲಾ ಕಣಿವೆಯ ನೆತ್ತಿಗೆ, ಎಂದರೆ ಸಮುದ್ರ ಮಟ್ಟದಿಂದ 5,300 ಮೀಟರಿಗೂ ಮೇಲಕ್ಕೆ, ಒಂದು ಸಲ ಏರಿಸಬೇಕು. ನಾನು ಜೊತೆಗೆ ಹೊರಟುದು ಸ್ನೇಹಕ್ಕಾಗಿ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ನನ್ನ ಸ್ವಂತದ ಚಪಲವೂ ಅದರಲ್ಲಿ ಕಡಮೆಯಿರಲಿಲ್ಲ.

ಯೆಜ್ದಿಯದು ಟೂ ಸ್ಟ್ರೋಕ್ ಎಂಜಿನು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಬಯಲುಸೀಮೆಯ ಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರು ಮೇಲೆ ಹೋದಂತೆಲ್ಲ ಕಂಗೆಡುತ್ತದೆ. ಗಾಳಿ ತೆಳುವಾಗುತ್ತದೆ, ಪೆಟ್ರೋಲು ಮಾತ್ರ ಮೊದಲಿನಷ್ಟೇ ಇಳಿಯುತ್ತಿರುತ್ತದೆ. ಉರಿಯಲಾರದ ಇಂಧನ ಮಸಿಯಾಗಿ ಸ್ಪಾರ್ಕ್ ಪ್ಲಗ್ಗಿಗೆ ಮೆತ್ತಿಕೊಳ್ಳುತ್ತದೆ. 5,000 ಮೀಟರಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧಕ್ಕಿಂತ ತುಸುವೇ ಹೆಚ್ಚು. ಇದನ್ನು ಬಲ್ಲ ಗೆಳೆಯ ಸಣ್ಣ ರಂಧ್ರದ ಜೆಟ್ಟುಗಳನ್ನು ಮೈಸೂರಿನಿಂದಲೇ ಕಟ್ಟಿ ತಂದಿದ್ದ. ಎಂಜಿನಿನ ಉಸಿರಿನ ಬಗ್ಗೆ ಇಷ್ಟು ಮುಂದಾಲೋಚನೆ ಮಾಡಿದ ನಾವಿಬ್ಬರೂ ನಮ್ಮ ಉಸಿರಿನ ಬಗ್ಗೆ ಆಲೋಚಿಸಿದುದು ಬಹಳ ಸ್ವಲ್ಪ.

ಹಿಂದೆ ಈ ದಾರಿಯಲ್ಲಿ ಮೊದಲ ದಿನವೆಲ್ಲ ರೋಹ್ತಾಂಗ್ ಕಣಿವೆಯನ್ನು ದಾಟುವುದರಲ್ಲಿಯೇ ಸವೆಯುತ್ತಿತ್ತು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಬೆಟ್ಟದ ಹೊಟ್ಟೆಯೊಳಗಿನ ಒಂಬತ್ತು ಕಿಲೋಮೀಟರನ್ನು ಕೆಲವೇ ನಿಮಿಷಗಳಲ್ಲಿ ದಾಟಿ ಲಾಹೌಲಿನ ಬಿಸಿಲಿಗೆ ಬಂದುಬಿಡಬಹುದು. ಉಪಕಾರವೇ ಸರಿ, ಚಳಿಗಾಲದಲ್ಲಿ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುತ್ತಿದ್ದ ಆ ಕಣಿವೆಯ ಜನರಿಗೆ ಅದರ ಬೆಲೆ ಗೊತ್ತು. ನಮಗಾದರೋ ಅದರಿಂದ ಕೆಡುಕೇ ಆಯಿತು. ಚಂದ್ರಾ, ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಮುಂದಿನ ಪೆಟ್ರೋಲ್ ಪಂಪು 365 ಕಿಲೋಮೀಟರ್ ಆಚೆಗೆಂದು ಸಾರುವ ಪ್ರಸಿದ್ಧ ಫಲಕದ ಬಳಿ ಡಬ್ಬಿಗಳನ್ನು ತುಂಬಿಸಿಕೊಂಡು, ರಾತ್ರಿ ತಂಗಬೇಕೆಂದಿದ್ದ ಜಿಸ್ಪಾ ಎಂಬ ಹಳ್ಳಿಯನ್ನು ತಲಪಿದಾಗ ಇನ್ನೂ ನಡುಮಧ್ಯಾಹ್ನ. ಅಷ್ಟು ಹೊತ್ತಿಗೇ ಕಾಲು ಚಾಚಿ ಮಲಗುವುದು ಹೇಡಿತನವೆಂದು ತೋರಿತು. "ಸರ್ಚೂವರೆಗೆ ಹೋಗಿಬಿಡೋಣ" ಎಂದವನು ನಾನು. ಇದನ್ನು ಒಪ್ಪಿಕೊಳ್ಳದೆ ಮುಂದಿನ ಕಥೆಯನ್ನು ಹೇಳಲು ನನಗೆ ಅಧಿಕಾರವಿಲ್ಲ.

ದಾರ್ಚಾ ದಾಟಿದ ಮೇಲೆ ಮರವೆಂಬುದೇ ಇಲ್ಲ. ಬೂದು, ಕಂದು, ನೇರಳೆ ಬಣ್ಣದ ಬೆಟ್ಟಗಳು. ಅವುಗಳ ಸೊಂಟಕ್ಕೆ ಸುತ್ತಿದ ರಸ್ತೆ. ಅಲ್ಲಲ್ಲಿ ರಸ್ತೆಯ ಮೇಲೆಯೇ ಹೊಳೆ. ಹಿಮ ಕರಗುವ ಹೊಳೆಗಳನ್ನು ಬೆಳಗಿನಲ್ಲಿ ದಾಟಬೇಕು. ಬಿಸಿಲು ಏರಿದಂತೆ ಅವೂ ಏರುತ್ತವೆ. ನಾವು ಹೋದುದು ಅವು ತುಂಬಿ ಹರಿಯುವ ಹೊತ್ತಿನಲ್ಲಿ. ಉರುಟು ಕಲ್ಲುಗಳ ಮೇಲೆ, ಮೊಳಕಾಲಿನ ಮಟ್ಟದ ನೀರಿನಲ್ಲಿ, ನನ್ನ ಗಾಡಿ ಎರಡು ಸಲ ಮಗುಚಿತು. ಎತ್ತಿ ನಿಲ್ಲಿಸಿಕೊಟ್ಟವರು ರಸ್ತೆ ಕೆಲಸದ ಆಳುಗಳು. ದೂರದ ಝಾರ್ಖಂಡದಿಂದ ಬೇಸಗೆಯ ಕೂಲಿಗಾಗಿ ಬಂದವರು. ಡಾಂಬರಿನ ಹೊಗೆಗೆ ಮುಖವನ್ನೆಲ್ಲ ಬಟ್ಟೆಯಿಂದ ಸುತ್ತಿಕೊಂಡು, ಹರಿದ ಬೂಟುಗಳಲ್ಲಿ, ಅದೇ ತೆಳುಗಾಳಿಯನ್ನು ಸೇದುತ್ತ ದಿನವೆಲ್ಲ ಕಲ್ಲು ಒಡೆಯುವ ಆ ಜನರ ಎದುರಿಗೆ ನಮ್ಮ ಸಾಹಸವೆಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರಲ್ಲೊಬ್ಬ ಗೆಳೆಯನನ್ನು ನಿಟ್ಟಿಸಿ ನೋಡಿ, "ಇವರಿಗೆ ತಲೆ ನೋಯುತ್ತಿದೆಯೇ?" ಎಂದು ಹಿಂದಿಯಲ್ಲಿ ಕೇಳಿದ. ಗೆಳೆಯ ನಕ್ಕು ಇಲ್ಲವೆಂದ. ನಾನೂ ನಂಬಿದೆ, ನಂಬುವುದು ಅನುಕೂಲವಾಗಿತ್ತು.

ಭಾಗಾ ನದಿಯ ಉಗಮವಾದ ಸೂರಜ್ ತಾಲ್ ಸರೋವರ ಸಂಜೆಯ ಬೆಳಕಿನಲ್ಲಿ ನೀಲಿಯ ತುಂಡಿನಂತೆ ಬಿದ್ದಿತ್ತು. ಅದರ ಮೇಲ್ಗಡೆಯೇ ಬಾರಾಲಾಚಾ ಲಾ. ಸುಮಾರು 4,900 ಮೀಟರು. ಅಲ್ಲಿ ಅವನ ಎಂಜಿನು ಕೆಮ್ಮಿ ನಿಂತಿತು. ಪ್ಲಗ್ಗನ್ನು ಬಿಚ್ಚಬೇಕೆಂದು ಕುಳಿತವನು ಸ್ಪ್ಯಾನರನ್ನು ಕೈಯಲ್ಲಿ ಹಿಡಿದು, ಅದು ಯಾತಕ್ಕೆಂಬುದನ್ನು ಮರೆತವನಂತೆ, ಬಹಳ ಹೊತ್ತು ಸುಮ್ಮನಿದ್ದ. ಹುಡುಗತನದಿಂದ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ ಅದು. ದಣಿವು ಎಂದುಕೊಂಡು ನಾನೇ ಬಿಚ್ಚಿ ಒರೆಸಿ ಹಾಕಿದೆ.

ಸರ್ಚೂ ಒಂದು ಊರಲ್ಲ. ಹಿಮಾಚಲ ಮತ್ತು ಲಡಾಖುಗಳ ಗಡಿಯ ಬಯಲಿನಲ್ಲಿ ಬೇಸಗೆಗೆ ಎದ್ದು ಚಳಿಗಾಲಕ್ಕೆ ಮಾಯವಾಗುವ ಗುಡಾರಗಳ ಸಾಲು. ಅದರ ಎತ್ತರ ಸುಮಾರು 4,300 ಮೀಟರು. ನಮ್ಮ ಮುಳ್ಳಯ್ಯನಗಿರಿಯ ಇಮ್ಮಡಿಗೂ ಮಿಕ್ಕುದು. ಮನಾಲಿಯಲ್ಲಿ ಎರಡು ಸಾವಿರದ ಎತ್ತರದಲ್ಲಿ ಎದ್ದವರು ಅದೇ ರಾತ್ರಿ ಇಲ್ಲಿ ಮಲಗಿದೆವು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಕೂಡದೆಂದು ವೈದ್ಯರು ಹೇಳುತ್ತಾರೆ. ನಾನು ಅದನ್ನು ಓದಿಯೂ ಇದ್ದೆ. ಸರ್ಚೂವಿನ ಇನ್ನೊಂದು ಸಂಕಟವೆಂದರೆ, ಅದು ಬೋನಿನಂಥ ಸ್ಥಳ. ಕೆಳಗಿಳಿಯಬೇಕೆಂದರೆ ಎರಡು ಕಡೆಯೂ ಮೊದಲು ಮೇಲೇರಲೇಬೇಕು: ಹಿಂದಕ್ಕೆ ಬಾರಾಲಾಚಾ, ಮುಂದಕ್ಕೆ ಅದಕ್ಕಿಂತಲೂ ಎತ್ತರದ ಲಾಚುಲುಂಗ್ ಲಾ.

ಊಟವನ್ನು ಗೆಳೆಯ ಮುಟ್ಟಲಿಲ್ಲ. ಎರಡು ಸಲ ವಾಂತಿಯಾಯಿತು. ನಡುರಾತ್ರಿ ಹೊರಗೆ ಹೋಗಬೇಕೆಂದು ಎದ್ದವನು ಕುಡಿದವನಂತೆ ತೂರಾಡಿ ಗುಡಾರದ ಗೂಟಕ್ಕೆ ಎಡವಿ ಬಿದ್ದ. ಸದ್ದಿಗೆ ಎದ್ದು ಬಂದ ಗುಡಾರದೊಡತಿ, ಲಾಹೌಲಿನ ಮುದುಕಿ, ಅವನ ಮುಖಕ್ಕೆ ದೀಪ ಹಿಡಿದು ಹೆಸರು ಕೇಳಿದಳು. ಅವನು ತಂದೆಯ ಹೆಸರು ಹೇಳಿದ. ಬೆಳಕು ಹರಿಯಲಿ, ನೋಡೋಣವೆಂದು ನಾನು ತೊದಲಿದೆ. ಆಕೆ ನನ್ನ ಕಡೆ ತಿರುಗಿಯೂ ನೋಡದೆ ಪಕ್ಕದ ಗುಡಾರಕ್ಕೆ ಹೋಗಿ, ಮಲಗಿದ್ದ ಜೀಪು ಚಾಲಕನನ್ನು ಎಬ್ಬಿಸಿ ಕರೆತಂದಳು. "ಕೆಳಗೆ. ಈಗಲೇ" ಎಂಬ ಎರಡು ಮಾತುಗಳಲ್ಲದೆ ಅವಳು ನನ್ನೊಡನೆ ಬೇರೇನನ್ನೂ ಆಡಲಿಲ್ಲ.

ಆ ಕತ್ತಲೆಯಲ್ಲಿ ಬಾರಾಲಾಚಾವನ್ನು ಮತ್ತೆ ಏರಿದ ಗಂಟೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಎಣಿಸುತ್ತಿದ್ದೆ, ಎಣಿಕೆ ತಪ್ಪಿದಾಗಲೆಲ್ಲ ಮೊದಲಿನಿಂದ ಎಣಿಸುತ್ತಿದ್ದೆ. ದಾರ್ಚಾದ ಹತ್ತಿರ, ಪೂರ್ವ ಬಿಳುಪಾಗುವ ಹೊತ್ತಿಗೆ, ಅವನು ಕಣ್ಣು ತೆರೆದು, "ಗಾಡಿಗೆ ಬೀಗ ಹಾಕಿದೆಯಾ?" ಎಂದು ಸ್ಪಷ್ಟವಾದ ಕನ್ನಡದಲ್ಲಿ ಕೇಳಿದ. ನಾನು ಅತ್ತುಬಿಟ್ಟೆ. ಚಾಲಕ ಏನೊಂದೂ ತಿಳಿಯದವನಂತೆ ರಸ್ತೆಯನ್ನೇ ನೋಡುತ್ತಿದ್ದ.

ಕೇಲಾಂಗಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮೂರು ದಿನ ಇರಿಸಿಕೊಂಡರು. ಮಿದುಳಿನಲ್ಲಿ ನೀರು ತುಂಬಿಕೊಳ್ಳತೊಡಗಿತ್ತು, ಬೆಳಗಿನವರೆಗೆ ಕಾದಿದ್ದರೆ ಕಷ್ಟವಾಗುತ್ತಿತ್ತು ಎಂದರು ವೈದ್ಯರು. ಗೆಳೆಯ ಚೇತರಿಸಿಕೊಂಡ ಮೇಲೆ ನನ್ನನ್ನು ಒತ್ತಾಯಿಸಿದ: "ನೀನಾದರೂ ಅಪ್ಪನ ಗಾಡಿಯನ್ನು ಏರಿಸಿಕೊಂಡು ಹೋಗಿ ಬಾ, ನಾನು ಇಲ್ಲೇ ಕಾದಿರುತ್ತೇನೆ." ನಾನು ಒಪ್ಪಲಿಲ್ಲ. ಆ ಕುರಿತು ಅವನಿಗೆ ನನ್ನ ಮೇಲೆ ಸ್ವಲ್ಪ ಕೋಪ ಈಗಲೂ ಉಂಟು.

ನಾಲ್ಕನೆಯ ದಿನ ಲೇಹಿನಿಂದ ಬರಿದಾಗಿ ಬರುತ್ತಿದ್ದ ಲಾರಿಯೊಂದರಲ್ಲಿ ಎರಡು ಯೆಜ್ದಿಗಳೂ ಇಳಿದು ಬಂದವು. ಮುದುಕಿ ಅವಕ್ಕೆ ಗೋಣಿತಾಟು ಹೊದಿಸಿ, ಹಗ್ಗ ಬಿಗಿದು ಕಳುಹಿಸಿದ್ದಳು. ಗುಡಾರದ ಬಾಡಿಗೆಯನ್ನು ಕೇಳಿ ಕಳುಹಿಸಿರಲಿಲ್ಲ. ಗೆಳೆಯ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದು, ತಂದೆಯ ಗಾಡಿಯ ಪೆಡಲನ್ನು ಒಳಕ್ಕೊತ್ತಿ ತಿರುಗಿಸಿ ಒದ್ದ. ಮೂರನೆಯ ಒದೆತಕ್ಕೆ ಎಂಜಿನು ಹೊತ್ತಿಕೊಂಡಿತು. ಅವನು ಕಿವಿಗೊಟ್ಟು ತುಸು ಹೊತ್ತು ಕೇಳಿ, ಜೆಟ್ಟು ಇನ್ನೂ ಒಂದು ನಂಬರು ಸಣ್ಣದಿರಬೇಕಾಗಿತ್ತು ಎಂದ.