ಬಿಡಾ ಪಟ್ಟಣದ ಹಿತ್ತಾಳೆ

ನೈಜೀರಿಯಾದ ನಡುಭಾಗದಲ್ಲಿ, ಕಡುನಾ ನದಿಯು ನೈಜರ್ ನದಿಯನ್ನು ಸೇರುವ ಸೀಮೆಯಲ್ಲಿ ನೂಪೆ ಜನರು ನೆಲೆಸಿದ್ದಾರೆ. ಅವರ ಮುಖ್ಯ ಪಟ್ಟಣ ಬಿಡಾ. ಮೈತುಂಬ ಚಿತ್ತಾರವಿರುವ ಹಿತ್ತಾಳೆಯ ಹರಿವಾಣ, ಬೋಗುಣಿ, ಮುಚ್ಚಳದ ಪಾತ್ರೆ, ನಮಾಜಿಗೆ ಮುನ್ನ ಕೈಕಾಲು ತೊಳೆಯಲು ಬಳಸುವ ಕೊಂಡಿಯ ಹೂಜಿ ಇವೆಲ್ಲ ಈ ಪಟ್ಟಣದ ಹೆಸರನ್ನು ದೂರದೂರದ ವಸ್ತುಸಂಗ್ರಹಾಲಯಗಳವರೆಗೆ ಒಯ್ದಿವೆ. ನೂಪೆ ಸಮಾಜ ಬಹುಕಾಲದಿಂದ ಇಸ್ಲಾಮನ್ನು ಅನುಸರಿಸುತ್ತ ಬಂದಿರುವುದರಿಂದ ಚಿತ್ತಾರದಲ್ಲಿ ರೇಖಾವಿನ್ಯಾಸಕ್ಕೆ ಮೊದಲ ಸ್ಥಾನ. ಒಂದರೊಳಗೊಂದು ಹೆಣೆದ ಪಟ್ಟಿಗಳು, ವಜ್ರಾಕೃತಿಗಳು, ಕೊನೆಯಿಲ್ಲದ ಗಂಟುಗಳು ಪಾತ್ರೆಯನ್ನು ಸುತ್ತುವರಿಯುತ್ತವೆ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಇವೆರಡನ್ನು ಬೆರೆಸುವುದರಲ್ಲೇ ಒಂದು ತೊಡಕಿದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಸತುವಾದರೋ 907 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಹಳೆಯ ಪಾತ್ರೆ, ಮುರುಕು ಸಾಮಾನುಗಳನ್ನು ಮೂಸೆಯಲ್ಲಿ ಕರಗಿಸುವಾಗ ಏಳುವ ಬಿಳಿ ಹೊಗೆ ಈ ಸತುವಿನದು. ಗಾಳಿ ತಗುಲಿದೊಡನೆ ಅದು ಉರಿದು ಸತುವಿನ ಆಕ್ಸೈಡ್ ಆಗುತ್ತದೆ. ಇದನ್ನು ಹೆಚ್ಚಾಗಿ ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ. ಕರಗಿಸಿದಷ್ಟು ಸಲವೂ ಸತು ಒಂದಿಷ್ಟು ಕಳೆದುಹೋಗಿ, ಹಿತ್ತಾಳೆಯ ಹಳದಿ ಮೆಲ್ಲಗೆ ತಾಮ್ರದ ಕೆಂಪಿನತ್ತ ವಾಲುತ್ತದೆ. ತಿದಿಯ ಗಾಳಿ, ಇದ್ದಿಲಿನ ಕಾವು, ಮೂಸೆಯನ್ನು ಬೆಂಕಿಯಿಂದ ಎತ್ತಬೇಕಾದ ಗಳಿಗೆ ಇವುಗಳ ಲೆಕ್ಕ ತಪ್ಪಿದರೆ ಲೋಹದ ಗುಣವೇ ಬದಲಾಗುತ್ತದೆ. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಈ ಲೆಕ್ಕವನ್ನು ಕಣ್ಣಳತೆಯಿಂದಲೇ, ಕರಗಿದ ಲೋಹದ ಹೊಳಪು ಮತ್ತು ಹೊಗೆಯ ಬಣ್ಣ ನೋಡಿಯೇ ಇಡಬೇಕು.

ಬಿಡಾದ ಹೆಸರಾಂತ ಪಾತ್ರೆಗಳು ಮುಖ್ಯವಾಗಿ ತಗಡನ್ನು ತಟ್ಟಿ ಮಾಡಿದವು. ಸತುವಿನ ಪಾಲು ಸುಮಾರು ಶೇ. 35ಕ್ಕಿಂತ ಕಡಿಮೆಯಿದ್ದರೆ ಹಿತ್ತಾಳೆಯನ್ನು ಬಿಸಿ ಮಾಡದೆಯೇ ತಟ್ಟಿ ಹಿಗ್ಗಿಸಬಹುದು. ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ, ಆ ಸಾಲುಗಳಲ್ಲಿ ಅಲ್ಲಲ್ಲಿ ಜೋಡಣೆ ತಪ್ಪಿದ ದೋಷಗಳಿರುತ್ತವೆ. ಸುತ್ತಿಗೆಯ ಪೆಟ್ಟು ಬಿದ್ದಾಗ ಈ ದೋಷಗಳು ಸರಿಯುತ್ತ ಹೋಗುವುದರಿಂದಲೇ ತಗಡು ಒಡೆಯದೆ ಬಾಗುತ್ತದೆ. ಆದರೆ ಪೆಟ್ಟು ಹೆಚ್ಚಿದಂತೆ ದೋಷಗಳೂ ಹೆಚ್ಚಿ, ಒಂದಕ್ಕೊಂದು ತೊಡರಿಕೊಂಡು ನಿಂತುಬಿಡುತ್ತವೆ. ಆಗ ತಗಡು ಬಿರುಸಾಗುತ್ತದೆ. ಅಡಿಗಲ್ಲಿನ ಮೇಲೆ ಅದರ ಸದ್ದೇ ಬೇರೆಯಾಗುತ್ತದೆ. ಇನ್ನೂ ತಟ್ಟಿದರೆ ಅಂಚು ಸೀಳುತ್ತದೆ.

ಇದಕ್ಕೆ ಮದ್ದು ಬೆಂಕಿ. ತಗಡನ್ನು ಮಂದ ಕೆಂಪಿಗೆ ಕಾಯಿಸಿದರೆ ದೋಷಗಳು ತೊಡರಿಕೊಂಡ ಹಳೆಯ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟುತ್ತವೆ, ಮೆದುತನ ಮರಳುತ್ತದೆ. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ. ಹಿತ್ತಾಳೆಗೆ ಆ ಗುಣವಿಲ್ಲ, ನೀರಿಗೆ ಅದ್ದಿದರೂ ಅದು ಮೆದುವಾಗಿಯೇ ಉಳಿಯುತ್ತದೆ. ತಟ್ಟುವುದು, ಕಾಯಿಸುವುದು, ಮತ್ತೆ ತಟ್ಟುವುದು. ಒಂದು ಆಳವಾದ ಬೋಗುಣಿ ರೂಪುಗೊಳ್ಳಲು ಈ ಸುತ್ತು ಹಲವು ಸಲ ನಡೆಯಬೇಕು. ಹೂಜಿಯಂತಹ ಪಾತ್ರೆಯ ಒಡಲು, ಕತ್ತು, ಕೊಂಡಿಗಳನ್ನು ಬೇರೆಬೇರೆಯಾಗಿ ಮಾಡಿ ಕೂಡಿಸಲಾಗುತ್ತದೆ.

ಚಿತ್ತಾರದ ಕೆಲಸ ಆಮೇಲಿನದು. ಮೊಂಡು ತುದಿಯ ಕಬ್ಬಿಣದ ಉಳಿಯನ್ನು ತಗಡಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟುತ್ತ ಹೋದರೆ ಲೋಹ ಕತ್ತರಿಸಿಹೋಗುವುದಿಲ್ಲ, ತಗ್ಗಿ ಪಕ್ಕಕ್ಕೆ ಸರಿಯುತ್ತದೆ. ಒಳಗಿನಿಂದ ತಟ್ಟಿದ್ದು ಹೊರಗೆ ಉಬ್ಬಾಗುತ್ತದೆ, ಹೊರಗಿನಿಂದ ತಟ್ಟಿದ್ದು ಗೆರೆಯಾಗುತ್ತದೆ. ಹಿನ್ನೆಲೆಯನ್ನು ಸಣ್ಣ ಚುಕ್ಕೆಗಳಿಂದ ತುಂಬಿಸುವುದು ನೂಪೆ ಕೆಲಸದ ಗುರುತು. ಚುಕ್ಕೆಗಳಿರುವಲ್ಲಿ ಬೆಳಕು ಚದುರಿ ಮಂಕಾಗುತ್ತದೆ, ನುಣುಪಾದ ಪಟ್ಟಿ ಹೊಳೆದು ಎದ್ದು ಕಾಣುತ್ತದೆ. ಚಿತ್ತಾರವೆಂದರೆ ಬರೀ ಅಲಂಕಾರ ಎನ್ನುವವರು ಈ ಪಾತ್ರೆಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ಪ್ರತಿ ಚುಕ್ಕೆಯೂ ತನ್ನ ಸುತ್ತಲಿನ ಲೋಹವನ್ನು ಗಡುಸಾಗಿಸುತ್ತದೆ, ಪ್ರತಿ ಉಬ್ಬುಪಟ್ಟಿಯೂ ತಗಡು ಬಳುಕದಂತೆ ತಡೆಯುತ್ತದೆ. ತೆಳ್ಳನೆಯ ತಗಡಿನ ಅಗಲವಾದ ಹರಿವಾಣ ಆಕಾರ ಕೆಡದೆ ನಿಲ್ಲುವುದಕ್ಕೆ ಈ ಚಿತ್ತಾರವೂ ಕಾರಣ.

ತಗಡಿನ ಕೆಲಸದ ಜೊತೆಗೆ ಮೇಣದ ಅಚ್ಚಿನ ಎರಕವೂ ಈ ಸೀಮೆಯಲ್ಲಿ ಹಳೆಯದು. ಮೇಣದಲ್ಲಿ ಮಾದರಿ ಮಾಡಿ, ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹೊರಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯಲಾಗುತ್ತದೆ. ನೈಜರ್ ದಂಡೆಯ ಟಾಡಾ ಮತ್ತು ಜೆಬ್ಬಾ ಊರುಗಳಲ್ಲಿದ್ದ ಲೋಹದ ವಿಗ್ರಹಗಳು ಈ ಬಗೆಯವು. ನೂಪೆ ಐತಿಹ್ಯದ ಪ್ರಕಾರ ರಾಜ್ಯಸ್ಥಾಪಕ ತ್ಸೊಯೆಡೆಯು ದಕ್ಷಿಣದ ಇಡಾ ಊರಿನಿಂದ ಕಂಚಿನ ದೋಣಿಯಲ್ಲಿ ಬರುವಾಗ ಈ ವಿಗ್ರಹಗಳನ್ನೂ ಲೋಹದ ಕಸುಬನ್ನೂ ತಂದನು. ಟಾಡಾದಲ್ಲಿದ್ದ, ಅರ್ಧ ಮೀಟರಿಗಿಂತ ತುಸು ಎತ್ತರದ ಕುಳಿತ ಪುರುಷನ ವಿಗ್ರಹದ ಎರಕದ ಮಣ್ಣನ್ನು ಪರೀಕ್ಷಿಸಿದಾಗ ಅದು ಸುಮಾರು 14ನೇ ಶತಮಾನದ್ದೆಂದು ತಿಳಿದುಬಂತು. ಅದರ ಶೈಲಿ ಯೊರುಬಾ ನಾಡಿನ ಇಫೆ ನಗರದ್ದು. ಐತಿಹ್ಯವು ಹೇಳುವ ತ್ಸೊಯೆಡೆಯ ಕಾಲಕ್ಕಿಂತ ಇದು ಹಳೆಯದು. ಇನ್ನೊಂದು ಬೆರಗಿನ ಸಂಗತಿಯೆಂದರೆ ಅದರಲ್ಲಿರುವುದು ಹೆಚ್ಚುಕಡಿಮೆ ಶುದ್ಧ ತಾಮ್ರ. ಸತುವೋ ತವರವೋ ಸೇರಿದರೆ ಲೋಹ ಕಡಿಮೆ ಕಾವಿನಲ್ಲಿ ಕರಗಿ ಅಚ್ಚಿನ ಮೂಲೆಮೂಲೆಗೆ ಹರಿಯುತ್ತದೆ. ಶುದ್ಧ ತಾಮ್ರ ಹಾಗಲ್ಲ. ಕರಗಿದಾಗ ಅನಿಲಗಳನ್ನು ಹೀರಿ, ಆರುವಾಗ ಗುಳ್ಳೆಗಳನ್ನು ಬಿಡುತ್ತದೆ. ಅಂಥ ತಾಮ್ರದಲ್ಲಿ ಇಷ್ಟು ಸಹಜವಾದ ದೇಹಭಂಗಿಯನ್ನು ಎರಕ ಹೊಯ್ದವರ ಕೌಶಲ ಅಸಾಧಾರಣವಾದುದು. ಮಕ್ಕಳಾಗಲಿ, ಮೀನು ಹೆಚ್ಚಲಿ ಎಂದು ಊರವರು ಪ್ರತಿ ಶುಕ್ರವಾರ ಈ ವಿಗ್ರಹವನ್ನು ನದಿಗೆ ಒಯ್ದು ಜಲ್ಲಿಕಲ್ಲಿನಿಂದ ಉಜ್ಜುತ್ತಿದ್ದುದರಿಂದ ಅದರ ಮೈ ಸವೆದಿದೆ.

ಹಿತ್ತಾಳೆ ಈ ನಾಡಿಗೆ ಬಂದದ್ದು ಬಹುಮಟ್ಟಿಗೆ ವ್ಯಾಪಾರದಿಂದ. ಮೊದಲು ಸಹಾರಾ ದಾಟಿ ಬರುವ ಒಂಟೆಗಳ ಮೇಲೆ; ಮಾರಿಟೇನಿಯಾದ ಮರಳಿನಲ್ಲಿ 1964ರಲ್ಲಿ ಫ್ರೆಂಚ್ ಸಂಶೋಧಕ ತಿಯೊಡೋರ್ ಮೊನೊ ಅವರು ಪತ್ತೆಹಚ್ಚಿದ, ಎರಡು ಸಾವಿರಕ್ಕೂ ಹೆಚ್ಚು ಹಿತ್ತಾಳೆ ಸಲಾಕೆಗಳ ರಾಶಿ ಇಂಥ ಸಾಗಾಟಕ್ಕೆ ಸಾಕ್ಷಿ. 15ನೇ ಶತಮಾನದಿಂದೀಚೆಗೆ ಪೋರ್ಚುಗೀಸರು ಬಳೆಯಾಕಾರದ ಲೋಹದ ತುಂಡುಗಳನ್ನು ಸಮುದ್ರ ದಾರಿಯಿಂದ ತಂದರು. ಆಮೇಲೆ ಕಾರ್ಖಾನೆಯ ತಗಡು ಬಂತು.

ಕಸುಬುದಾರರ ಸಂಘಟನೆಯನ್ನು 1930ರ ದಶಕದಲ್ಲಿ ಮಾನವಶಾಸ್ತ್ರಜ್ಞ ಎಸ್. ಎಫ್. ನಾಡೆಲ್ ವಿವರವಾಗಿ ದಾಖಲಿಸಿದರು. ಹಿತ್ತಾಳೆ ಕೆಲಸದವರು, ಕಮ್ಮಾರರು, ಗಾಜಿನ ಕೆಲಸದವರು ತಮ್ಮತಮ್ಮ ಕೇರಿಗಳಲ್ಲಿ, ಬಿರುದು ಹೊತ್ತ ಹಿರಿಯನ ಕೈಕೆಳಗೆ, ಕುಟುಂಬವಾಗಿ ದುಡಿಯುತ್ತಿದ್ದರು. ಅರಮನೆಯೇ ದೊಡ್ಡ ಗಿರಾಕಿಯಾಗಿತ್ತು. ಅದಕ್ಕೂ ಮೊದಲೇ, 1897ರಲ್ಲಿ, ಬ್ರಿಟಿಷ್ ಕಂಪನಿಯೊಂದರ ಸೈನ್ಯ ಬಿಡಾವನ್ನು ಗೆದ್ದಿತ್ತು. ಕಾಲಕ್ರಮೇಣ ಅರಮನೆಯ ಜಾಗವನ್ನು ಪೇಟೆ ಮತ್ತು ಪ್ರವಾಸಿಗರು ತುಂಬತೊಡಗಿದರು. ಇತ್ತೀಚೆಗೆ ಅದೇ ಉಳಿ ಸುತ್ತಿಗೆಗಳು ಅಲ್ಯೂಮಿನಿಯಂ ಮೇಲೂ ಓಡುತ್ತವೆ. 660 ಡಿಗ್ರಿಯಲ್ಲೇ ಕರಗುವ ಈ ಲೋಹ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಯುನೆಸ್ಕೊ 2021ರಲ್ಲಿ ಬಿಡಾವನ್ನು ಕರಕುಶಲ ಮತ್ತು ಜಾನಪದ ಕಲೆಗಳ ವಿಭಾಗದಲ್ಲಿ ಸೃಜನಶೀಲ ನಗರಗಳ ಜಾಲಕ್ಕೆ ಸೇರಿಸಿಕೊಂಡಿತು.